ಮಗ್ಗಕ್ಕಿಂತ ಮೊದಲಿನ ಕೈಗಳು: ಉಡುಪಿ ಸೀರೆಯ ಲೆಕ್ಕ

(ಕೈಮಗ್ಗ ದಿನದಂದು ನಮ್ಮ ಕಡೆಯ ಒಂದು ಕಾಲೇಜಿನಲ್ಲಿ ಮಾತಾಡಿದ್ದು. ಬರೆದು ಕೊಡಿ ಅಂತ ಕೆಲವರು ಕೇಳಿದ್ದಕ್ಕೆ ಹೆಚ್ಚುಕಮ್ಮಿ ಮಾತಾಡಿದ ಹಾಗೇ ಬರೆದಿದ್ದೇನೆ, ಕೊನೆಗೆ ಮಕ್ಕಳು ಕೇಳಿದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇವತ್ತು ಆಗಸ್ಟ್ 7. 1905ರಲ್ಲಿ ಇದೇ ದಿನ ಕಲ್ಕತ್ತಾದ ಟೌನ್ ಹಾಲ್‌ನಲ್ಲಿ ಸ್ವದೇಶಿ ಚಳವಳಿ ಶುರುವಾಯ್ತು, ಅದರ ನೆನಪಿಗೆ 2015ರಿಂದ ಈ ದಿನವನ್ನು ರಾಷ್ಟ್ರೀಯ ಕೈಮಗ್ಗ ದಿನ ಅಂತ ಮಾಡ್ತಿದ್ದಾರೆ. ಇಂಥ ದಿನ ಸಾಧಾರಣವಾಗಿ ಏನಾಗ್ತದೆ ಅಂದ್ರೆ ನಮ್ಮ ಪರಂಪರೆ, ನಮ್ಮ ಸಂಸ್ಕೃತಿ ಅಂತ ಎಲ್ಲರೂ ಮಾತಾಡ್ತಾರೆ, ಒಬ್ಬ ಹಿರಿಯ ನೇಕಾರರಿಗೆ ಶಾಲು ಹೊದೆಸಿ ಫೋಟೋ ತೆಗೀತಾರೆ, ಮರುದಿನ ಆ ಹಿರಿಯರು ಹೋಗಿ ಅದೇ ಮಗ್ಗದಲ್ಲಿ ಅದೇ ಕೂಲಿಗೆ ಕೂತ್ಕೊಳ್ತಾರೆ. ನಾನು ನೇಯುವವನಲ್ಲ, ಕಾಮರ್ಸ್ ಪಾಠ ಮಾಡಿದವನು. ಹಾಗಾಗಿ ಒಂದು ಸೀರೆಯ ಲೆಕ್ಕ ಹೇಳ್ತೇನೆ. ಆ ಲೆಕ್ಕ ಸರಿಯಾಗಿ ಬರೆದ್ರೆ ಒಂದು ಊರಿನ ನೇಕಾರಿಕೆ ಯಾಕೆ ಸಾಯ್ತದೆ, ಯಾವಾಗ ಚಿಗುರ್ತದೆ ಎರಡೂ ಅದರಲ್ಲೇ ಕಾಣ್ತದೆ ಅಂತ ನನ್ನ ನಂಬಿಕೆ.

ಉಡುಪಿ ಸೀರೆ ಅಂದ್ರೆ ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಕೈ ಎತ್ತಿ ನೋಡುವ. ಸ್ವಲ್ಪವೇ ಜನ. ಆದ್ರೆ ನಿಮ್ಮ ಅಜ್ಜಿಯಂದಿರನ್ನು ಕೇಳಿ, ಅವರಿಗೆ ಗೊತ್ತುಂಟು. ತೆಳು ಹತ್ತಿ, ಚೌಕುಳಿ ಅಥವಾ ಪ್ಲೇನ್ ಒಡಲು, ಬೇರೆ ಬಣ್ಣದ ಅಂಚು, ಕೆಲವು ಕಡೆ ಸಣ್ಣ ಬುಟ್ಟಾ. ಜರಿ ಗಿರಿ ಅಂತ ಹೆಚ್ಚೇನೂ ಇಲ್ಲ. ಗದ್ದೆ ಕೆಲಸಕ್ಕೂ ಹಾಕಿಕೊಂಡು ಹೋಗುವ ಸೀರೆ ಅದು, ಒಗೆದು ಬೇಲಿಗೆ ಹಾಕಿದ್ರೆ ಬೇಗ ಒಣಗುವಂಥದ್ದು, ನಮ್ಮ ಸೆಕೆಗೆ ಮೈಗೆ ಅಂಟದೇ ಇರುವಂಥದ್ದು. ಕಾಂಜೀವರಂ, ಇಳಕಲ್ ಹಾಗೆ ಅದಕ್ಕೆ ಮೆರೆಯುವ ಗುಣ ಇಲ್ಲ, ಅದಕ್ಕೇ ಅದು ಹೋಗ್ತಾ ಇದ್ದದ್ದು ಯಾರ ಗಮನಕ್ಕೂ ಬರಲಿಲ್ಲ ಅಂತ ನನಗೆ ಅನ್ನಿಸ್ತದೆ. ಮದುವೆ ಸೀರೆ ಹೋದ್ರೆ ಜನ ಕೇಳ್ತಾರೆ, ದಿನ ಉಡುವ ಸೀರೆ ಹೋದ್ರೆ ಇನ್ನೊಂದು ತಂದುಕೊಳ್ತಾರೆ ಅಷ್ಟೆ.

ಹೆಸರು ಉಡುಪಿ ಸೀರೆ ಆದ್ರೂ ಅದು ಉಡುಪಿ ಪೇಟೆಯೊಂದರದ್ದೇ ಅಲ್ಲ. 1997ರ ತನಕ ಇದೆಲ್ಲ ಒಂದೇ ದಕ್ಷಿಣ ಕನ್ನಡ ಜಿಲ್ಲೆ. ಉಡುಪಿ, ಶಿವಳ್ಳಿ, ಬ್ರಹ್ಮಾವರ, ಈ ಕಡೆ ಕಿನ್ನಿಗೋಳಿ ಹತ್ರದ ತಾಳಿಪಾಡಿ, ಹೀಗೆ ಕರಾವಳಿ ಉದ್ದಕ್ಕೂ ನೇಕಾರರ ಸಹಕಾರಿ ಸಂಘಗಳು ಇದ್ದವು, ನೂಲು ಸಂಘದಿಂದ, ನೇಯ್ಗೆ ಮನೆಯಲ್ಲಿ, ಮಾರಾಟ ಮತ್ತೆ ಸಂಘದ ಅಂಗಡಿಯಲ್ಲಿ. ಹೆಚ್ಚಿನವರು ಪದ್ಮಶಾಲಿಗಳು, ಅಂದ್ರೆ ನಾವು ಶೆಟ್ಟಿಗಾರ್ ಅಂತ ಕರೆಯುವವರು.

ಇತಿಹಾಸ ಜಾಸ್ತಿ ಹೇಳುವುದಿಲ್ಲ. ಬಾಸೆಲ್ ಮಿಷನ್‌ನ ಕ್ರೈಸ್ತ ಮಿಷನರಿಗಳು 1834ರಲ್ಲಿ ಮಂಗಳೂರಿಗೆ ಬಂದ್ರು, ಮುಂದಿನ ದಶಕದಲ್ಲೇ ನೇಯ್ಗೆ ಕೆಲಸ ಶುರು ಮಾಡಿದ್ರು, 1851ರಲ್ಲಿ ಜಾನ್ ಹಾಲರ್ ಅಂತ ನೇಯ್ಗೆ ಬಲ್ಲವರೊಬ್ಬರು ಯುರೋಪಿನಿಂದ ಬಂದು ಹಗ್ಗ ಎಳೆದು ಲಾಳಿ (ಅಡ್ಡ ನೂಲು ಹೊತ್ತು ಆಚೀಚೆ ಹೋಗುವ ಸಾಧನ) ಓಡಿಸುವ ಮಗ್ಗ ಮತ್ತು ಬಣ್ಣಗಾರಿಕೆ ತಂದ್ರು. ಖಾಕಿ ಬಣ್ಣ ಕಂಡುಹಿಡಿದದ್ದೂ ಅವರೇ ಅಂತ ಹೇಳ್ತಾರೆ. ಅದು ಎಲ್ಲ ಭಾಷಣದಲ್ಲೂ ಬರ್ತದೆ, ನಾನು ಬಿಡ್ತೇನೆ. ನನಗೆ ಮುಖ್ಯ ಅನ್ನಿಸುವುದು ಲಾಳಿಯ ವಿಷಯ. ಮೊದಲು ಲಾಳಿಯನ್ನು ಈ ಕೈಯಿಂದ ಆ ಕೈಗೆ ಎಸೆದು ಹಿಡಿಯಬೇಕಿತ್ತು, ಆಮೇಲೆ ಒಂದು ಹಗ್ಗ ಎಳೆದ್ರೆ ಸಾಕು, ಅದೇ ಓಡ್ತದೆ. ಅಂದ್ರೆ ನೇಯುವ ವೇಗ ಹೆಚ್ಚಾಯ್ತು. ಆದ್ರೆ ನೇಯುವ ಮೊದಲಿನ ಕೆಲಸದ ವೇಗ ಹೆಚ್ಚಾಗಲಿಲ್ಲ, ಅದು ಮನೆ ಹೆಂಗಸರ ಕೈಯಲ್ಲೇ ಉಳೀತು. ಈ ಮಾತನ್ನು ಸ್ವಲ್ಪ ನೆನಪಲ್ಲಿ ಇಟ್ಕೊಳ್ಳಿ, ಮತ್ತೆ ಇಲ್ಲಿಗೇ ಬರ್ತೇನೆ.

ಆಮೇಲೆ ಪವರ್‌ಲೂಮ್ ಬಂತು, ಸೂರತ್‌ನ ಪಾಲಿಯೆಸ್ಟರ್ ಸೀರೆ ಬಂತು, ಇಸ್ತ್ರಿ ಬೇಡ, ಬಣ್ಣ ಹೋಗುವುದಿಲ್ಲ, ಬೆಲೆ ಕಮ್ಮಿ. ನಮ್ಮ ಅಮ್ಮಂದಿರು ಅದನ್ನು ತೆಗೊಂಡದ್ದರಲ್ಲಿ ತಪ್ಪೇನೂ ಇಲ್ಲ. 1985ರಲ್ಲಿ ಕೇಂದ್ರ ಸರ್ಕಾರ ಒಂದು ಕಾನೂನು ಮಾಡಿತು, ಇಂತಿಂಥ ಬಟ್ಟೆ ಕೈಮಗ್ಗದಲ್ಲೇ ನೇಯಬೇಕು, ಪವರ್‌ಲೂಮ್‌ನವರು ಮುಟ್ಟಬಾರದು ಅಂತ. ಶುರುವಿಗೆ 22 ಬಗೆ ಇದ್ದದ್ದು ಆಮೇಲೆ 11ಕ್ಕೆ ಇಳೀತು, ಆ 11ರಲ್ಲೂ ಕಾನೂನು ಎಷ್ಟು ನಡೀತದೆ ಅಂತ ಯಾವ ಸೀರೆ ಅಂಗಡಿಗೆ ಹೋದ್ರೂ ಗೊತ್ತಾಗ್ತದೆ. ಆದ್ರೆ ಪವರ್‌ಲೂಮ್ ಒಂದರಿಂದಲೇ ನಮ್ಮ ಮಗ್ಗ ನಿಂತದ್ದು ಅಂತ ಹೇಳುವುದು ಅರ್ಧ ಸತ್ಯ ಮಾತ್ರ. ನಮ್ಮ ಜಿಲ್ಲೆಯಲ್ಲಿ ಹೆಂಗಸರಿಗೆ ಬೀಡಿ ಕಟ್ಟುವ ಕೆಲಸ ಸಿಕ್ಕಿತು, ಗೇರುಬೀಜದ ಫ್ಯಾಕ್ಟರಿ ಸಿಕ್ಕಿತು, ಹಂಚಿನ ಕಾರ್ಖಾನೆ ಸಿಕ್ಕಿತು, ಗಂಡಸರಿಗೆ ಬೊಂಬಾಯಿ ಹೋಟೆಲು, ಆಮೇಲೆ ಗಲ್ಫ್. ಬೀಡಿ ಕಟ್ಟಿದ್ರೆ ಸಾವಿರಕ್ಕೆ ಇಷ್ಟು ಅಂತ ಅವಳ ಹೆಸರಲ್ಲೇ ಪುಸ್ತಕದಲ್ಲಿ ಬರೀತಾರೆ. ಮನೆಯಲ್ಲಿ ನೂಲು ಸುತ್ತಿದ್ರೆ ಯಾರ ಪುಸ್ತಕದಲ್ಲೂ ಇಲ್ಲ. ಹಾಗಿರುವಾಗ ಅವಳು ಬೀಡಿಗೆ ಹೋಗದೆ ಇನ್ನೇನು ಮಾಡ್ಬೇಕಿತ್ತು?

ಈಗ ಲೆಕ್ಕಕ್ಕೆ ಬರುವ. ಸೀರೆ ಅಗಲ ಸುಮಾರು 47 ಇಂಚು. ಇಂಚಿಗೆ 60 ಎಳೆ ಅಂತ ಇಟ್ಟುಕೊಂಡ್ರೆ ಹಾಸಿನಲ್ಲಿ, ಅಂದ್ರೆ ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ ನೂಲಿನಲ್ಲಿ, 2,820 ಎಳೆ. ಉದ್ದ ಐದೂವರೆ ಮೀಟರ್, ಅದಕ್ಕೂ ಇಂಚಿಗೆ 60 ಹೊಕ್ಕು (ಅಡ್ಡ ಎಳೆ) ಅಂದ್ರೆ ಲಾಳಿ ಹೆಚ್ಚುಕಮ್ಮಿ 13,000 ಸಲ ಆಚೆಯಿಂದ ಈಚೆಗೆ ಹೋಗ್ಬೇಕು. ಹಾಸು ಹೊಕ್ಕು ಎರಡೂ ಸೇರಿಸಿ ನೂಲಿನ ಉದ್ದ ತೆಗೆದ್ರೆ ಒಂದು ಸೀರೆಗೆ ಸುಮಾರು 31 ಕಿಲೋಮೀಟರ್. ಉಡುಪಿಯಿಂದ ಹೊರಟ್ರೆ ಮೂಲ್ಕಿ ದಾಟುವಷ್ಟು ನೂಲು. ಇದು ನಾನು ಕಾಗದದ ಮೇಲೆ ಹಾಕಿದ ಲೆಕ್ಕ, ಇನ್ನೂ ದಟ್ಟದ ಸೀರೆ ಆದ್ರೆ ಎಳೆ ಜಾಸ್ತಿ ಆಗ್ತದೆ. ಅಷ್ಟೂ ನೂಲು ಮಗ್ಗಕ್ಕೆ ಬರುವ ಮೊದಲು ಒಂದಲ್ಲ, ಮೂರು ನಾಲ್ಕು ಸಲ ಯಾರದೋ ಬೆರಳ ಮಧ್ಯದಿಂದ ಹಾದು ಬಂದಿರ್ತದೆ.

ಹೇಗೆ ಅಂದ್ರೆ, ನೂಲು ಮಿಲ್ಲಿನಿಂದ ಬರುವುದು ಲಡಿಯಾಗಿ, ಅಂದ್ರೆ ಸುರುಳಿಯ ಕಟ್ಟಾಗಿ. ಅದನ್ನು ನೀರಲ್ಲಿ ನೆನೆಸಿ ಬೇಯಿಸಿ ಅದರ ಎಣ್ಣೆಯ ಅಂಶ ತೆಗೀಬೇಕು, ಇಲ್ಲದಿದ್ರೆ ಬಣ್ಣ ಹಿಡಿಯುವುದಿಲ್ಲ. ಮತ್ತೆ ಬಣ್ಣ ಹಾಕ್ಬೇಕು, ಒಣಗಿಸಬೇಕು. ಹಾಸಿನ ನೂಲಿಗೆ ಗಂಜಿ ಹಾಕ್ಬೇಕು, ಯಾಕಂದ್ರೆ ಇದು ಹುರಿ ಹಾಕಿದ ಜೋಡಿ ನೂಲಲ್ಲ, ಒಂಟಿ ಎಳೆ, ಗಂಜಿ ಇಲ್ಲದೆ ಮಗ್ಗದಲ್ಲಿ ಉಜ್ಜಿ ಉಜ್ಜಿ ತುಂಡಾಗ್ತದೆ. ಗಂಜಿ ಹಾಕಿದ ನೂಲನ್ನು ಬಿಸಿಲಿಗೆ ಹಿಡಿದು ಕೊಡವಿ ಕೊಡವಿ ಎಳೆ ಎಳೆ ಬಿಡಿಸಬೇಕು, ಒಂದಕ್ಕೊಂದು ಅಂಟಿದ್ರೆ ಆಯ್ತು ಕತೆ. ಇದು ನಮ್ಮ ಊರಲ್ಲಿ, ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ ನಿಲ್ಲದ ಊರಲ್ಲಿ ಮಾಡ್ಬೇಕು! ವಿಚಿತ್ರ ಏನಂದ್ರೆ ಗಾಳಿಯಲ್ಲಿ ಪಸೆ ಇದ್ರೆ ಹತ್ತಿ ನೂಲಿಗೆ ಬಲ ಜಾಸ್ತಿ, ನೇಯ್ಲಿಕ್ಕೆ ಒಳ್ಳೇದು. ಅಂದ್ರೆ ನೇಯ್ಗೆಗೆ ಮಳೆಗಾಲ ಆಗ್ತದೆ, ಅದರ ಮೊದಲಿನ ಕೆಲಸಕ್ಕೆ ಮಳೆಗಾಲ ಆಗುವುದೇ ಇಲ್ಲ. ಹಾಗಾಗಿ ಮಳೆಗೆ ಮುಂಚೆ ಗಂಜಿ ಹಾಕಿದ ನೂಲು ಸಾಕಷ್ಟು ಇಟ್ಟುಕೊಳ್ಳದಿದ್ರೆ ಜುಲೈಯಲ್ಲಿ ಮಗ್ಗ ಖಾಲಿ.

ಆಮೇಲೆ ರಾಟೆಯಲ್ಲಿ ಬಾಬಿನ್‌ಗೆ ಸುತ್ತಬೇಕು, ಡ್ರಮ್ಮಿಗೆ ಹಾಸು ಹಾಕ್ಬೇಕು, ಚೌಕುಳಿ ಸೀರೆ ಆದ್ರೆ ಯಾವ ಬಣ್ಣ ಎಷ್ಟು ಎಳೆ ಅಂತ ಲೆಕ್ಕ ತಪ್ಪಬಾರದು, ಒಂದು ಎಳೆ ಆಚೀಚೆ ಆದ್ರೆ ಸೀರೆ ಉದ್ದಕ್ಕೂ ಕಾಣ್ತದೆ. ಅದು ಮುಗಿದ ಮೇಲೆ ಹಳೇ ಹಾಸಿನ ತುದಿಗೆ ಹೊಸ ಹಾಸಿನ ತುದಿ ಕೆಚ್ಚಬೇಕು. 2,820 ಎಳೆಯನ್ನೂ ಒಂದೊಂದಾಗಿ ಹಿಡಿದು ಬೆರಳಲ್ಲಿ ಹೊಸೆದು ಸೇರಿಸುವುದು, ಬೂದಿ ಮುಟ್ಟಿಕೊಂಡು. ಒಳ್ಳೆ ಕೆಚ್ಚುವವರ ಬೆರಳು ನೋಡ್ಲಿಕ್ಕೇ ಆಗುವುದಿಲ್ಲ, ಅಷ್ಟು ಬೇಗ. ನಾನು ಈ ಕೆಲಸವನ್ನು ಎಷ್ಟೋ ಹೊತ್ತು ಸುಮ್ಮನೆ ಕೂತು ನೋಡಿದ್ದೇನೆ. ನೇಯುವುದನ್ನು ವಿಡಿಯೋ ಮಾಡುವವರು ತುಂಬ ಜನ ಇದ್ದಾರೆ, ಕೆಚ್ಚುವುದನ್ನು ವಿಡಿಯೋ ಮಾಡುವವರು ನನಗೆ ಸಿಗಲಿಲ್ಲ. ಇದಿಷ್ಟರ ಮೇಲೆ ಹೊಕ್ಕಿನ ನೂಲನ್ನು ಕಂಡಿಕೆಗೆ, ಅಂದ್ರೆ ಲಾಳಿಯೊಳಗೆ ಕೂರುವ ಸಣ್ಣ ಕೊಳವೆಗೆ, ಸುತ್ತಿ ಸುತ್ತಿ ಕೊಡ್ತಾ ಇರ್ಬೇಕು, ನೇಯುವವರು ಕೂತಷ್ಟು ಹೊತ್ತೂ.

ಈಗ ಹೇಳಿ, ಈ ಕೆಲಸಕ್ಕೆಲ್ಲ ಕೂಲಿ ಎಲ್ಲಿ? ಹಳೇ ಪದ್ಧತಿಯಲ್ಲಿ ಸೀರೆಗೆ ಇಷ್ಟು ಅಂತ ಒಂದು ಮಜೂರಿ, ಅದು ನೇಯ್ದವರ ಕೈಗೆ. ಹೆಂಡತಿ ಸುತ್ತಿದ್ದು, ಅತ್ತೆ ಗಂಜಿ ಹಾಕಿದ್ದು, ಶಾಲೆಯಿಂದ ಬಂದ ಮಗಳು ಕಂಡಿಕೆ ತುಂಬಿದ್ದು ಎಲ್ಲ ಅದರಲ್ಲೇ ಬಂತು ಅಂತ ಲೆಕ್ಕ. ಅಂದ್ರೆ ಒಬ್ಬರ ಕೂಲಿಯಲ್ಲಿ ನಾಲ್ಕು ಜನರ ಕೆಲಸ. ನಾಲ್ಕನೇ ಅಖಿಲ ಭಾರತ ಕೈಮಗ್ಗ ಗಣತಿ 2019-20ರದ್ದು. ಅದರ ಪ್ರಕಾರ ದೇಶದಲ್ಲಿ 35 ಲಕ್ಷಕ್ಕಿಂತ ಹೆಚ್ಚು ಕೈಮಗ್ಗದ ಕೆಲಸಗಾರರು, ಅವರಲ್ಲಿ 72% ಹೆಂಗಸರು. ನೇಕಾರ ಕುಟುಂಬಗಳಲ್ಲಿ ಮೂರರಲ್ಲಿ ಎರಡು ಪಾಲು ತಿಂಗಳಿಗೆ 5,000 ರೂಪಾಯಿಗಿಂತ ಕಮ್ಮಿ ಆದಾಯದವು. ಒಬ್ಬರದ್ದಲ್ಲ, ಇಡೀ ಮನೆಯ ಆದಾಯ.

ಉದ್ಯೋಗ ಖಾತ್ರಿಯಲ್ಲಿ ಕರ್ನಾಟಕದ ದಿನಗೂಲಿ 2025-26ರಲ್ಲಿ 370 ರೂಪಾಯಿ ಇತ್ತು. ಒಂದು ಸೀರೆಗೆ ನೇಯ್ಗೆ ಎರಡು ದಿನ, ಮೊದಲಿನ ಕೆಲಸವೆಲ್ಲ ಸೇರಿಸಿ ಪಾಲಿಗೆ ಬರುವುದು ಇನ್ನೊಂದು ದಿನ, ಒಟ್ಟು ಮೂರು ದಿನ ಅಂತ ಹಿಡಿಯಿರಿ. ಮಣ್ಣು ಹೊರುವ ಕೂಲಿಯನ್ನೇ ಕೊಟ್ರೂ 1,110 ರೂಪಾಯಿ ಕೈಕೂಲಿಗೇ ಹೋಯ್ತು. ಅದರ ಮೇಲೆ ನೂಲು, ಬಣ್ಣ, ಸಂಘದ ಖರ್ಚು, 5% ಜಿಎಸ್‌ಟಿ. ಹಾಗಾದ್ರೆ ಯಾರಾದ್ರೂ ಅಪ್ಪಟ ಕೈಮಗ್ಗದ ಸೀರೆ 900 ರೂಪಾಯಿಗೆ ಅಂತ ಮಾರ್ತಾ ಇದ್ರೆ ಎರಡರಲ್ಲಿ ಒಂದು, ಅದು ಕೈಮಗ್ಗದ್ದಲ್ಲ, ಇಲ್ಲಾಂದ್ರೆ ಒಬ್ಬ ಹೆಂಗಸಿನ ಕೆಲಸ ಅದರಲ್ಲಿ ಬಿಟ್ಟಿ ಹೋಗಿದೆ. ನಮ್ಮಲ್ಲಿ ಎಷ್ಟೋ ವರ್ಷ ನಡೆದದ್ದು ಈ ಎರಡನೆಯದ್ದು, ಬೆಲೆ ಏರಿಸಿದ್ರೆ ಯಾರೂ ತೆಗೊಳ್ಳುವುದಿಲ್ಲ ಅಂತ ಹೆದರಿಕೊಂಡು.

ತಾಳಿಪಾಡಿಯ ಕತೆ ನನಗೆ ಮುಖ್ಯ ಆಗುವುದು ಇಲ್ಲಿ. 2018ರ ಹೊತ್ತಿಗೆ ಅಲ್ಲಿ ಸಂಘದಲ್ಲಿ ನೇಯುವವರು ಉಳಿದದ್ದು ಎಂಟೇ ಜನ, ಎಲ್ಲ ವಯಸ್ಸಾದವರು. ಅದಕ್ಕೂ ಮೊದಲೇ 2016ರಲ್ಲಿ ಉಡುಪಿ ಸೀರೆಗೆ ಜಿಐ (ಭೌಗೋಳಿಕ ಸೂಚಕ) ಟ್ಯಾಗ್ ಸಿಕ್ಕಿತ್ತು, ಆದ್ರೆ ಟ್ಯಾಗ್ ಸಿಕ್ಕಿದ ಮಾತ್ರಕ್ಕೆ ಒಬ್ಬ ಹೊಸ ನೇಕಾರನೂ ಬರಲಿಲ್ಲ. ಜಿಐ ಅಂದ್ರೆ ಹೆಸರನ್ನು ಬೇರೆಯವರು ಕದಿಯದ ಹಾಗೆ ಬೇಲಿ ಅಷ್ಟೆ, ಬೇಲಿ ಹಾಕಿದ್ರೆ ಬೆಳೆ ತಾನಾಗಿ ಬರುವುದಿಲ್ಲ. ಆಗ ಕಾರ್ಕಳದ ಕದಿಕೆ ಟ್ರಸ್ಟ್, ಅದರ ಮಮತಾ ರೈ ಅವರು ತಾಳಿಪಾಡಿ ಸಂಘದ ಜೊತೆ ಸೇರಿ ಕೆಲಸ ಶುರು ಮಾಡಿದ್ರು. ಹೊರಗಿನಿಂದ ನೋಡಿದ್ರೆ ಅವರು ಮಾಡಿದ್ದು ತುಂಬ ಸಾದಾ. ಈ ಸೀರೆ ಉಂಟು ಅಂತ ಜನಕ್ಕೆ ತಿಳಿಸಿದ್ರು, ಸೋಶಿಯಲ್ ಮೀಡಿಯಾದಲ್ಲಿ ಹಾಕಿದ್ರು, ಸೀರೆಯ ಟ್ಯಾಗಿನಲ್ಲಿ ನೇಯ್ದವರ ಹೆಸರು, ಫೋಟೋ ಬಂತು, ಬೇಡಿಕೆ ಏರಿತು, ಕೂಲಿ ಏರಿಸಲಿಕ್ಕೆ ದಾರಿ ಆಯ್ತು, ಕಲಿಯುವವರಿಗೆ ಕಲಿಯುವ ದಿನಗಳಲ್ಲೂ ಸ್ಟೈಪೆಂಡ್ ಸಿಗುವ ಹಾಗೆ ಆಯ್ತು. ಈ ಕೊನೆಯದ್ದನ್ನು ಒತ್ತಿ ಹೇಳ್ತೇನೆ. ಮಗ್ಗ ಕಲೀಲಿಕ್ಕೆ ತಿಂಗಳುಗಟ್ಟಲೆ ಬೇಕು, ಆ ತಿಂಗಳುಗಳಲ್ಲಿ ಬೀಡಿ ಬಿಟ್ಟು ಬಂದ ಹೆಂಗಸು ಮನೆಗೆ ಏನು ಕೊಂಡು ಹೋಗುವುದು? ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದ ಕೆಲವರು ವಾಪಸ್ ಬಂದ್ರು, ಹೊಸಬರು ಬಂದ್ರು, ಹೆಂಗಸರು ಬಂದ್ರು, ನೇಕಾರ ಮನೆತನದವರಲ್ಲದವರೂ ಕಲಿತ್ರು. ಎಂಟರಿಂದ ಮೇಲಕ್ಕೆ ಹೋಗ್ಲಿಕ್ಕೆ ದಾರಿ ಆದದ್ದು ಹೀಗೆ.

ಬಣ್ಣದಲ್ಲೂ ಹೊಸತು ಆಯ್ತು, ನೈಸರ್ಗಿಕ ಬಣ್ಣ. ಅಡಿಕೆ ಬೇಯಿಸಿದ ಚೊಗರು ನಮ್ಮಲ್ಲಿ ಬೇಕಾದಷ್ಟು ಉಂಟು, ಒಳ್ಳೆ ಕೆಂಪು ಕಂದು ಬಣ್ಣ ಕೊಡ್ತದೆ. ಮತ್ತೆ ನೀಲಿಗೆ ಇಂಡಿಗೊ, ಬೇರೆ ಬಣ್ಣಗಳಿಗೆ ಮಂಜಿಷ್ಠ, ದಾಳಿಂಬೆ ಸಿಪ್ಪೆ. ನನಗಿದು ತುಂಬ ಇಷ್ಟ, ಆದ್ರೆ ಒಂದು ಹೆದರಿಕೆಯೂ ಉಂಟು. ನೈಸರ್ಗಿಕ ಬಣ್ಣದ ಸೀರೆಗೆ ಬೆಲೆ ಜಾಸ್ತಿ, ಕೊಳ್ಳುವವರು ಬೆಂಗಳೂರು, ಮುಂಬೈಯವರು. ಬರೀ ಅದನ್ನೇ ನೇಯ್ತಾ ಹೋದ್ರೆ ಈ ಊರಿನ ಹೆಂಗಸರಿಗೆ ಈ ಊರಿನ ಸೀರೆ ಉಡ್ಲಿಕ್ಕೆ ಆಗದ ಹಾಗೆ ಆಗ್ತದೆ. ಎರಡೂ ಇರ್ಬೇಕು, ಸಾದಾ ಚೌಕುಳಿ ಸೀರೆ ನಿಲ್ಲಿಸಬಾರದು.

ಇನ್ನು ಎಲ್ಲ ಸರಿಹೋಯ್ತು ಅಂತ ನಾನು ಹೇಳುವುದಿಲ್ಲ. ಸಾಗರದ ಹತ್ರ ಭೀಮನಕೋಣೆಯ ಚರಕ ನಿಮಗೆ ಗೊತ್ತಿರಬಹುದು, ರಂಗಕರ್ಮಿ ಪ್ರಸನ್ನ ಅವರು ಕಟ್ಟಿದ್ದು, ಹಳ್ಳಿ ಹೆಂಗಸರ ಸಹಕಾರಿ ಸಂಘ, ನೈಸರ್ಗಿಕ ಬಣ್ಣದ ಕೈಮಗ್ಗ, ಎರಡು ದಶಕಕ್ಕಿಂತ ಹೆಚ್ಚು ನಡೆಸಿ ದೇಶಕ್ಕೇ ಮಾದರಿ ಅನ್ನಿಸಿಕೊಂಡದ್ದು. ಅಂಥ ಸಂಸ್ಥೆಯೂ 2020ರಲ್ಲಿ ದೊಡ್ಡ ಸಂಕಟಕ್ಕೆ ಸಿಕ್ಕಿಬಿತ್ತು. ಕೊರೊನಾ ಬಂದು ಅಂಗಡಿ ಮುಚ್ಚಿದ್ರೆ ನೇಯ್ದದ್ದು ಗೋಡೌನ್‌ನಲ್ಲಿ, ಕೂಲಿ ಮಾತ್ರ ವಾರ ವಾರ ಕೊಡ್ಬೇಕು. ಕೈಮಗ್ಗದಲ್ಲಿ ದುಡ್ಡು ಸಿಕ್ಕಿಹಾಕಿಕೊಳ್ಳುವುದು ಹೀಗೇ, ನೂಲಿಗೆ ಮೊದಲೇ ಕೊಡ್ಬೇಕು, ಕೂಲಿ ಮಧ್ಯೆ ಕೊಡ್ಬೇಕು, ಸೀರೆಯ ದುಡ್ಡು ಯಾವಾಗಲೋ ಬರ್ತದೆ. ಲಾಭ ಇದ್ರೂ ಕೈಯಲ್ಲಿ ಕ್ಯಾಶ್ ಇಲ್ಲದೆ ಸಂಘ ಮುಳುಗ್ತದೆ, ಕಾಮರ್ಸ್ ಮಕ್ಕಳು ಇದ್ದೀರಲ್ಲ, ವರ್ಕಿಂಗ್ ಕ್ಯಾಪಿಟಲ್ ಅಂತ ನೀವು ಪರೀಕ್ಷೆಗೆ ಬರೆಯುವುದು ಇದನ್ನೇ.

ನೂಲಿನದ್ದೂ ಒಂದು ತಲೆಬಿಸಿ. ಮಿಲ್ಲುಗಳು ಇಷ್ಟು ಪಾಲು ನೂಲನ್ನು ಲಡಿಯಾಗಿಯೇ ಕೊಡ್ಬೇಕು ಅಂತ ನಿಯಮ ಉಂಟು, ಮೊದಲು 40% ಇತ್ತು, 2019ರಲ್ಲಿ 30%ಗೆ ಇಳಿಸಿದ್ರು. ಕೈಮಗ್ಗಕ್ಕೆ ಲಡಿ ಇಲ್ಲದೆ ಆಗುವುದಿಲ್ಲ, ಬಣ್ಣ, ಗಂಜಿ ಎಲ್ಲ ಲಡಿಗೇ ಹಾಕುವುದು. ಒಂದು ಸಣ್ಣ ಸಂಘ ತನಗೆ ಬೇಕಾದ ನಂಬರಿನ (ಅಂದ್ರೆ ಅಷ್ಟೇ ದಪ್ಪದ) ನೂಲು ಸ್ವಲ್ಪವೇ ಬೇಕು ಅಂತ ಕೇಳಿದ್ರೆ ಮಿಲ್ಲಿನವರಿಗೆ ಅದು ದೊಡ್ಡ ಗಿರಾಕಿ ಅಲ್ಲ. ಹಣಿಗೆ (ಮಗ್ಗದಲ್ಲಿ ಎಳೆಗಳನ್ನು ಬಿಡಿಸಿ ಹಿಡಿಯುವ ಬಾಚಣಿಗೆಯಂಥದ್ದು) ಕಟ್ಟುವವರು, ಮಗ್ಗ ರಿಪೇರಿ ಮಾಡುವ ಆಚಾರಿಗಳು ಹತ್ತಿರದಲ್ಲಿ ಸಿಗುವುದೇ ಕಷ್ಟ. ನೇಯ್ಗೆ ತರಬೇತಿ ಅಂತ ಯಾರಾದ್ರೂ ಮಾಡುವಾಗ ನಾನು ಕೇಳುವುದು ಒಂದೇ: ಹಾಸು ಹಾಕುವವರನ್ನು, ಕೆಚ್ಚುವವರನ್ನು, ಗಂಜಿ ಹಾಕುವವರನ್ನು ಎಷ್ಟು ಜನರನ್ನು ತಯಾರು ಮಾಡ್ತೀರಿ? ಇಪ್ಪತ್ತು ನೇಕಾರರು ಇದ್ದು ಗಂಜಿ ಹಾಕ್ಲಿಕ್ಕೆ ಒಬ್ಬರೇ ಅಜ್ಜಿ ಇದ್ರೆ ಆ ಅಜ್ಜಿಗೆ ಜ್ವರ ಬಂದ ವಾರ ಇಪ್ಪತ್ತೂ ಮಗ್ಗ ನಿಲ್ತದೆ. ಈ ಕೆಲಸಗಳಿಗೆ ಬೇರೆ ಬೇರೆ ರೇಟ್ ಇರ್ಬೇಕು, ಸಂಘದ ಪುಸ್ತಕದಲ್ಲಿ ಅವರ ಹೆಸರಲ್ಲೇ ಬರೀಬೇಕು, ದುಡ್ಡು ಅವರ ಅಕೌಂಟಿಗೇ ಹೋಗ್ಬೇಕು. ಟ್ಯಾಗಿನಲ್ಲಿ ನೇಯ್ದವರ ಫೋಟೋ ಇದೆಯಲ್ಲ, ಒಳ್ಳೇದು, ಅದರ ಪಕ್ಕದಲ್ಲಿ ಹಾಸು ಹಾಕಿದವರ ಹೆಸರೂ ಬರ್ಲಿ ಅಂತ ನನ್ನ ಆಸೆ.

ಪ್ರಶ್ನೆ ಕೇಳಿ ಅಂದಾಗ ಒಬ್ಬ ಹುಡುಗ ಎದ್ದು, ಸರ್, ಮೊದಲಿನ ಕೆಲಸಕ್ಕೆಲ್ಲ ಮೆಷಿನ್ ಹಾಕಿದ್ರೆ ಆಗುವುದಿಲ್ವಾ ಅಂತ ಕೇಳಿದ. ಒಳ್ಳೆ ಪ್ರಶ್ನೆ. ಕಂಡಿಕೆ, ಬಾಬಿನ್ ಸುತ್ತಲಿಕ್ಕೆ ಮೋಟಾರ್ ಹಾಕ್ಬಹುದು, ಹಾಕ್ಲೇಬೇಕು ಅಂತ ನನ್ನ ಅಭಿಪ್ರಾಯ, ಅರವತ್ತು ದಾಟಿದವರ ಭುಜ ನೋವು ನೋಡಿದವರು ಯಾರೂ ಬೇಡ ಅನ್ನುವುದಿಲ್ಲ. ರಾಟೆಗೆ ಮೋಟಾರ್ ಹಾಕಿದ್ರೆ ಸೀರೆ ಕೈಮಗ್ಗದ್ದು ಅಲ್ಲ ಅಂತ ಆಗುವುದಿಲ್ಲ. ಆದ್ರೆ ಮೋಟಾರ್ ಬಂತು ಅಂತ ಸುತ್ತುವವರ ಕೂಲಿ ಕಡಿಯಬಾರದು, ಅಷ್ಟು ಎಚ್ಚರ ಇದ್ರೆ ಸಾಕು.

ಇನ್ನೊಬ್ಬಳು ಹುಡುಗಿ ಕೇಳಿದ್ದು, ಅಂಗಡಿಯಲ್ಲಿ ನೋಡಿ ಗುರುತು ಹಿಡಿಯುವುದು ಹೇಗೆ ಅಂತ. ಅಂಚಿನ ಬದಿಯಲ್ಲಿ ಬೆರಳು ಆಡಿಸಿ ನೋಡಿ, ನೇಯುವಾಗ ಬಟ್ಟೆ ಅಗಲಕ್ಕೆ ಎಳೆದು ಹಿಡೀಲಿಕ್ಕೆ ಒಂದು ಕೋಲು ಕಟ್ತಾರೆ, ಅದರ ಮೊಳೆ ಚುಚ್ಚಿದ ಸಣ್ಣ ಸಣ್ಣ ತೂತು ಸಾಲಾಗಿ ಕಾಣ್ತದೆ. ಇದೊಂದೇ ಸಾಕು ಅಂತಲ್ಲ, ಹ್ಯಾಂಡ್‌ಲೂಮ್ ಮಾರ್ಕ್, ಜಿಐ ಟ್ಯಾಗ್, ಮತ್ತೆ ಯಾವ ಸಂಘದ್ದು ಅಂತ ಕೇಳಿ. ನೇಯ್ಗೆ ಅಲ್ಲಲ್ಲಿ ಸ್ವಲ್ಪ ಏರುಪೇರು ಇದ್ರೆ ಅದಕ್ಕಾಗಿ ಬೆಲೆ ಕಮ್ಮಿ ಮಾಡಿ ಅಂತ ಚೌಕಾಸಿ ಮಾಡ್ಬೇಡಿ.

ಕೊನೆಗೆ ಒಬ್ಬರು ಲೆಕ್ಚರರ್, ನಾವು ಸ್ಟಾಫ್ ಎಲ್ಲ ಸೇರಿ ಏನು ಮಾಡ್ಬಹುದು ಅಂತ ಕೇಳಿದ್ರು. ಕಾಲೇಜ್ ಡೇಗೆ ಸೀರೆ ಬೇಕು ಅಂತ ಹದಿನೈದು ದಿನ ಮೊದಲು ಫೋನ್ ಮಾಡ್ಬೇಡಿ, ಏಪ್ರಿಲ್‌ನಲ್ಲೇ ಆರ್ಡರ್ ಕೊಡಿ, ಅರ್ಧ ಅಡ್ವಾನ್ಸ್ ಕೊಡಿ. ಮಳೆ ಹಿಡಿಯುವ ಮೊದಲು ನೂಲು ತಂದು ಗಂಜಿ ಹಾಕಿ ಒಣಗಿಸಿ ಇಡ್ಲಿಕ್ಕೆ ಸಂಘಕ್ಕೆ ದುಡ್ಡು ಬೇಕಾಗುವುದು ಆಗಲೇ. ಮೇಯಲ್ಲಿ ಬಿಸಿಲು ಉಂಟು, ದುಡ್ಡಿರುವುದಿಲ್ಲ. ಡಿಸೆಂಬರ್‌ನಲ್ಲಿ ಸೀರೆ ತೆಗೊಳ್ಳುವಾಗ ಕೊಡುವ ದುಡ್ಡಿನಲ್ಲಿ ಅರ್ಧವನ್ನು ಏಪ್ರಿಲ್‌ನಲ್ಲಿ ಕೊಟ್ರೆ ನಿಮಗೆ ದೊಡ್ಡ ವ್ಯತ್ಯಾಸ ಇಲ್ಲ, ಅವರಿಗೆ ಜುಲೈ ಆಗಸ್ಟ್‌ನಲ್ಲಿ ಮಗ್ಗ ಖಾಲಿ ಬೀಳುವುದಿಲ್ಲ.